ಇಡೀ ಲೈನು ಎದ್ದು ನಿಂತದ್ದು

ಬನಶಂಕರಿ ಅಮ್ಮನವರಿಗೆ ಕನಕಾಂಬರ ಒಯ್ಯುತ್ತಿದ್ದ ಸರ್ವಮಂಗಳಮ್ಮನವರ ಮುಂದಿನ ಬಸ್ ಸೀಟಿನಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಿಂದ ಹೊರಟ, ಬೇರೆ ಬೇರೆ ಹೊಲಿಗೆ ಲೈನಿನ ಇಬ್ಬರು ಹೆಂಗಸರು ಮಾತಿಗಿಳಿದಿದ್ದರು.

"ಮುನಿಯಕ್ಕ, ಲಿಂಥೋಯ್ ವಾಪಸ್ ಮಣಿಪುರಕ್ಕೆ ಹೋಗ್ತಾಳಂತೆ?"

"ಇನ್ ಹೋಗಲ್ಲ ಬಿಡು, ಸುಧಾ. ಸೂಪರ್‌ವೈಸರ್ ಇವತ್ತೂ ಅವಳ್ನ 'ಏ ಚೈನಾ, ಬಾ ಇಲ್ಲಿ' ಅಂದ."

"ಆಮೇಲೆ?"

"ಯೂನಿಯನ್‌ನಲ್ಲಿ ಮಾತಾಡ್ಕೊಂಡಿದ್ವಲ್ಲ, ಹಂಗೇ ನಮ್ ಇಡೀ ಲೈನು ಮಿಷನ್ ನಿಲ್ಸಿ ಎದ್ದು, 'ಕರೆದ್ರಾ ಸಾರ್' ಅಂತ ಅವನ ಮುಂದೆ ನಿಂತ್ವಿ."

"ಬಸುರಿ ಶ್ರೀದೇವಿನೂ?"

"ಅವಳೇ ಮೊದಲು."

"ಅವನೇನಂದ?"

"ಬೆವರು ಒರೆಸ್ಕೊಂಡು, 'ಲಿಂಥೋಯ್, ಬಾಮ್ಮ' ಅಂದ. ನಾವು ಕೂತ್ವಿ, ಅವಳು ಅವನತ್ರ ಹೋದ್ಲು."

ಹಿಂದೆ ಕೂತು ಎಲ್ಲ ಕೇಳಿಸಿಕೊಂಡ ಸರ್ವಮಂಗಳಮ್ಮನವರು ಹೂವಿನ ಪೊಟ್ಟಣ ಬಿಚ್ಚಿದರು. ಇಬ್ಬರೂ ಇಳಿಯಲು ಏಳುತ್ತಿದ್ದಂತೆ, ಅಮ್ಮನವರ ಹೂವಿನಲ್ಲೇ ಒಂದು ಮೊಳ ಹರಿದು ಮುನಿಯಕ್ಕನ ಕೈಗಿಟ್ಟರು.

"ನಾಳೆ ಲಿಂಥೋಯ್‌ಗೆ ಮುಡಿಸಮ್ಮ. ಕನಕಾಂಬರ ಬಾಡಲ್ಲ."