ಬಾಲ ಮೇಲೆತ್ತಿದ ಸ್ಕೀ

ನಮ್ಮ ಹಿಮಬೆಟ್ಟದ ಊರು ಬರಿಲೋಚೆಯ ಅಂಗಡಿಯೊಂದರಲ್ಲಿ ನನ್ನ ಹಳೇ ಸ್ಕೀಗೆ ಮೇಣ ಹಚ್ಚಿಸಲು ಕಾಯುತ್ತಿದ್ದೆ. ಪಕ್ಕದಲ್ಲಿ ಹೊಸ ಜೊತೆ ಆರಿಸುತ್ತಿದ್ದವರು ದೋನ್ ಆನ್ಸೆಲ್ಮೊ ಮತ್ತು ಅವರ ಮೊಮ್ಮಗಳು ಐಲೆನ್. ನಮ್ಮೂರಿನ ಅರ್ಧ ಜನಕ್ಕೆ ಸ್ಕೀ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು.

“ಕೈ ಮೇಲೆತ್ತು. ಸ್ಕೀ ಮಣಿಕಟ್ಟಿಗೆ ಬರ್ಬೇಕು.”

“ಅದು ನಿನ್ನ ಕಾಲದ ಅಳತೆ ತಾತ. ಸ್ಕೀ ಪಾರ್ಕಲ್ಲಿ ಹಾರೋಕೆ, ಕಂಬಿ ಮೇಲೆ ಜಾರೋಕೆ ಮೂಗಿನ ತನಕ ಇದ್ರೆ ಸಾಕು.”

“ಅಲ್ಲ ಕಣೇ, ಇದು ಎರಡೂ ತುದೀಲಿ ಮೇಲಕ್ಕೆ ಬಾಗಿದ್ಯಲ್ಲ! ಮಾಡಿದವನಿಗೆ ಹಿಂದು ಮುಂದು ಗೊತ್ತಿಲ್ವಾ?”

“ಹಿಮ್ಮುಖವಾಗಿ ಇಳಿಯೋಕೆ ಹಾಗಿರೋದು.”

“ಹಿಮ್ಮುಖವಾಗಿ ಇಳಿಯೋದನ್ನ ನನಗೇ ಹೇಳ್ಕೊಡ್ತೀಯಾ? ಪುಟಾಣಿಗಳ ಕೈ ಹಿಡ್ಕೊಂಡು ಜೀವಮಾನ ಪೂರ್ತಿ ಹಾಗೇ ಇಳ್ದಿದೀನಿ.”

“ಎಷ್ಟು ಸಲ ಬಿದ್ದೆ?”

“ಮಕ್ಕಳು ಹೊಟ್ಟೆ ಹಿಡ್ಕೊಂಡು ನಗೋವಷ್ಟು ಸಲ. ಸ್ಕೀ ಹಿಂದಿನ ಆ ಹಾಳು ಬಾಲ ಹೋಗಿ ಹೋಗಿ ಹಿಮಕ್ಕೇ ಚುಚ್ಕೊಳ್ಳೋದು.”

“ಇದು ಚುಚ್ಕೊಳ್ಳಲ್ಲ ತಾತ. ಅದಕ್ಕೇ ಬಾಗಿರೋದು.”

ಮುದುಕರು ಆ ಬಾಗಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು.

“ಚುಚ್ಕೊಳ್ಳೋದೇ ಇಲ್ವಾ?”

“ಇಲ್ಲ ಅಂದ್ನಲ್ಲ.”

“ಸರಿ, ಇದನ್ನೇ ತಗೋ.”

“ಮತ್ತೆ ಮಣಿಕಟ್ಟು?”

“ಮಣಿಕಟ್ಟು ಮನೆ ಹಾಳಾಗ್ಲಿ. ನಡಿ.”

ಇಬ್ಬರೂ ಗಲ್ಲಾದ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋದ ಮೇಲೆ ಮೇಷ್ಟ್ರು ಹುಡುಗಿಯ ಕಿವಿಗೆ ಬಗ್ಗಿ ಹೇಳಿದ್ದು ನನಗೂ ಕೇಳಿತು.

“ನನ್ನ ಮೂಗಿನ ಎತ್ತರದ್ದು ಒಂದು ಜೊತೆ ಇದ್ಯಾ ಕೇಳೇ. ನಿಮ್ಮಜ್ಜಿಗೆ ಆಮೇಲೆ ನಾನೇ ಹೇಳ್ಕೋತೀನಿ.”