ಎಡಗಡೆ ಸೀಟು

ಅಯ್ಯೋ, ಅದಲ್ಲ ಯಜಮಾನ್ರೇ, ಅದಲ್ಲ! ಡ್ರೈವರ್ ಸೀಟಿಗೆ ಯಾಕೆ ಕೈ ಆಕ್ತೀರಿ? ಅದು ನಾನು ಕೂರೋದು, ಹದ್ನಾಕು ವರ್ಸದಿಂದ ನನ್ನ ಮೈಗೆ ಒಗ್ಗೋಗದೆ, ಅದನ್ನ ಮುಟ್ಬೇಡಿ. ಎಡಗಡೇದು ನೋಡಿ, ಎಡಗಡೇದು. ಹಾಂ... ಅದೇ. ಎಂಗಾಗದೆ ನೋಡುದ್ರಾ? ಮಧ್ಯಕ್ಕೇ ಬಾಯಿ ಬಿಟ್ಕಂಡು ಕೂತದೆ. ಕಿತ್ತು ಬಿಸಾಕಿ ಹೊಸಾದು ಆಕ್ಬುಡಿ. ಇವತ್ತೇ ಆಗ್ಬೇಕು. ತಲೆ ಆಡಿಸ್ಬೇಡಿ, ನಾಳಿದ್ದು ಗೀಳಿದ್ದು ಅಂದ್ರೆ ಆಗಾಕಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಗಾಡೀನ ಒಂದು ಕಡೆ ತೋರುಸ್ಬೇಕು ನಾನು.

ಎಲ್ಲಿ ಅಂತ ಆಮೇಲೆ ಹೇಳ್ತೀನಿ. ಮೊದ್ಲು ಸ್ಪ್ಯಾನರ್ ಎತ್ಕಳಿ.

ಬಾಗ್ಲ ಮೇಲೆ ಏನು ಓದ್ತಿದೀರಿ? ಓ, ಅದಾ... 'ಪುಟ್ಟರಾಜು, ಕೊಣನೂರು.' ಊಂ, ನಾನೇಯ. ಕೊಣನೂರಿಂದ ಚನ್ನರಾಯಪಟ್ಟಣದ ಗಂಟ ಒಂದು ಸೀಟು ಒಲಿಸಾಕೆ ಬಂದವ್ನಲ್ಲಾ ಅಂತ ತಾನೇ ನೋಡ್ತಿರೋದು? ದಾರೀಲಿ ಅರಕಲಗೂಡು ಸಿಕ್ತದೆ, ಹೊಳೆನರಸೀಪುರ ಸಿಕ್ತದೆ, ಅಲ್ಲೆಲ್ಲಾ ಕುಷನ್ ಕೆಲಸದೋರು ಸತ್ತೋಗವ್ರಾ ಅಂತ! ಇಲ್ಲ, ಅವ್ರೆ, ಬೇಕಾದಷ್ಟು ಜನ ಅವ್ರೆ. ಆದ್ರೆ ಅವ್ರಿಗೆ ಕೈಗಿಂತ ಬಾಯಿ ಜಾಸ್ತಿ. ದಂಡಿಗನಹಳ್ಳೀಲಿ ನಮ್ಮ ನೆಂಟರೊಬ್ರು ನಿಮ್ಮ ಹೆಸರು ಹೇಳುದ್ರು. ಚನ್ನಪ್ಪ ಅಂತ ಒಬ್ರವ್ರೆ, ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು ಅಂತ. ಮಾತು ಕಮ್ಮಿ ಅಂದ ತಕ್ಷಣ ನಾನು ಗಾಡಿ ಹತ್ತಿಬುಟ್ಟೆ ನೋಡಿ!

ನಗಾಡ್ತೀರಾ? ಇಲ್ವಾ? ನಕ್ಕಂಗೆ ಕಂಡ್ತಪ್ಪ. ಇರ್ಲಿ.

ಇನ್ನೊಂದು ಸಣ್ಣ ಕೆಲ್ಸ ಅದೆ. ನಿಮ್ಮ ಅಂಗಡಿ ಹೆಸರು ಅಚ್ಚಾಕ್ಸಿರೋ ಚೀಟಿ ಇರ್ತದಲ್ಲ, ಅದ್ರಲ್ಲಿ ಎರಡು ಸಾಲು ಬರೀರಿ. 'ಈ ಗಾಡಿ ಎಡಗಡೆ ಸೀಟನ್ನ ತಿಂಗ್ಳ ಹಿಂದೆನೇ ನಾನು ನೋಡಿದ್ದೆ. ಸ್ಪ್ರಿಂಗ್ ಎದ್ದು ಮೇಲಕ್ಕೆ ಬಂದಿತ್ತು. ಮನುಷ್ಯರು ಕೂರೋ ಸ್ಥಿತೀಲಿ ಇರ್ಲಿಲ್ಲ.' ಅಷ್ಟೇ. ಕೆಳಗೊಂದು ಸಹಿ. ನೋಡಿದ ತಾರೀಕು ಮಾತ್ರ ಹೋದ ತಿಂಗ್ಳುದು ಆಕಿ.

ಯಾಕೆ ಅಂಗ್ ನೋಡ್ತೀರಿ? ಸುಳ್ಳೇನಲ್ವಲ್ಲ! ಸೀಟು ಕಣ್ಮುಂದೆನೇ ಅದೆ. ಹರಿದೋಗಿಲ್ವಾ? ಹರಿದದೆ. ಅದನ್ನೇ ಬರೀರಿ ಅಂತಿದೀನಿ, ತಾರೀಕು ಒಂಚೂರು ಹಿಂದೆ ಮುಂದೆ, ಅದ್ರಾಗೇನು ಗಂಟು ಓಗ್ತದೆ ನಿಮ್ದು?

ಸರಿ, ಹೇಳ್ತೀನಿ ಕೂತ್ಕಳಿ... ನಿಂತೇ ಇರ್ತೀರಾ? ನಿಂತ್ಕಳಿ. ಒಂದು ಸಾವಾಗದೆ. ನಮ್ಮ ಮನೆ ಆಳು, ಸಣ್ಣಯ್ಯ ಅಂತ. ಆಳು ಅಂದ್ರೆ ಆಳಲ್ಲ ಕಣ್ರೀ, ಮನೆ ಮನುಷ್ಯ ಇದ್ದಂಗೆ. ನಾನು ಚಡ್ಡಿ ಆಕೋ ಕಾಲದಿಂದ ಇದ್ದೋನು. ಅವನ ಹೆಗಲ ಮೇಲೆ ನನ್ನ ಕೂರುಸ್ಕಂಡು ಹೊಳೆ ದಾಟ್ಸಿ ಇಸ್ಕೂಲಿಗೆ ಬುಟ್ಟವ್ನೆ. ನಮ್ಮನೇಲಿ ಅವನ ಲೋಟ, ಅವನ ತಟ್ಟೆ ಬ್ಯಾರೆನೇ ಇದ್ವು, ಕೊಟ್ಟಿಗೆ ತೊಲೆ ಸಂದೀಲಿ. ಯಾರೂ ಮುಟ್ತಿರ್ಲಿಲ್ಲ. ಅಷ್ಟು ಗೌರವವಾಗಿ ಮಡಿಕ್ಕಂಡಿದ್ವಿ ಅವನ್ನ!

ಹೂಂ ಅನ್ನಿ. ಹೂಂ ಅಂತಲಾದ್ರೂ ಅನ್ನಿಪ್ಪ, ಗೋಡೆ ಕುಟೆ ಮಾತಾಡ್ದಂಗಾಯ್ತದೆ.

ಅವತ್ತು ಶುಂಠಿ ಲೋಡು. ಹಾಸನದ ಮಂಡಿಗೆ ಬೆಳಿಗ್ಗೆ ಹತ್ತರೊಳಗೆ ಓಗ್ಬೇಕು, ಇಲ್ದಿದ್ರೆ ಕೇಳೋರಿಲ್ಲ. ಮೂವತ್ತೆರಡು ಮೂಟೆ, ಕ್ಯಾಬಿನ್ನಿಗಿಂತ ಮೇಲಕ್ಕೆ ಪೇರ್ಸಿದ್ವಿ. ಇವನಿಗೆ ಮೂರು ದಿನದಿಂದ ಜ್ವರ. ಜ್ವರದಲ್ಲೇ ಶುಂಠಿ ಕೀಳಾಕೆ ಬಂದಿದ್ದ. ನಾನೇನು ಬಾ ಅಂತ ಕಾಲು ಹಿಡ್ಕಂಡಿದ್ನಾ? ಬರ್ತೀಯೋ, ಬ್ಯಾರೆ ಯಾರನ್ನಾದ್ರೂ ಕರ್ಕಳ್ಳೋ ಅಂತ ಕೇಳಿ ಕಳಿಸಿದ್ದೆ, ಅಷ್ಟೇಯ. ಬಂದ. ಲೋಡು ಮುಗುದ್ಮೇಲೆ ತಲೆ ಗಿರ್ರಂತದೆ ಅಂತ ಚಕ್ರದ ತಾವ ಕುಕ್ಕರು ಬಡ್ದ. ಅವನ ಹೆಂಡ್ತಿ ಓಡ್ಬಂದು, ಅಪ್ಪಾ, ಹೆಂಗೂ ಹಾಸನಕ್ಕೆ ಓಗ್ತಿದೀರಿ, ಇವನ್ನ ದೊಡ್ಡಾಸ್ಪತ್ರೆ ತಾವ ಇಳ್ಸಿಬುಡಿ ಅಂದ್ಲು. ಆಯ್ತು ಕಣಮ್ಮ ಅಂದೆ. ಇಲ್ಲ ಅಂದ್ನಾ? ಬ್ಯಾರೆ ಯಾವ ಯಜಮಾನ ಆಗಿದ್ರೂ ಬಸ್ಸಿಗೆ ಓಗು ಅಂತಿದ್ದ.

ಅವನೇ ಮೂಟೆ ಮೇಲೆ ಹತ್ತಿ ಕೂತ. ಅವನೇ! ಗಾಳಿಗೆ ಚೆನ್ನಾಗಿರ್ತದೆ ಬುದ್ಧಿ, ನಾನು ಮೇಲೇ ಬತ್ತೀನಿ ಅಂದ. ನಾನು ಬ್ಯಾಡ ಕಣೋ ಅಂತ ಎಷ್ಟು ಹೇಳುದ್ರೂ ಕೇಳ್ಲಿಲ್ಲ. ಮೊಂಡ. ಅರಕಲಗೂಡು ದಾಟಿದ್ಮೇಲೆ ಒಂದು ಹಂಪು ಬತ್ತದೆ, ಅಲ್ಲಿ ಉದುರೋದ.

ನಂಗೆಂಗೆ ಗೊತ್ತಾಗ್ಬೇಕು ಹೇಳಿ? ಕ್ಯಾಬಿನ್ನಲ್ಲಿ ಹಾಡು ಆಕ್ಕಂಡಿದ್ದೆ. ಎರಡು ಕಿಲೋಮೀಟರ್ ಮುಂದಕ್ಕೆ ಓದ್ಮೇಲೆ ಒಬ್ಬ ಬೈಕಿನೋನು ಅಡ್ಡ ಆಕಿ ಹೇಳ್ದ. ವಾಪಸ್ ಓಗಿ ನೋಡುದ್ರೆ... ಮುಗ್ದೋಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡ್ದೆ. ಆಮೇಲೆ ಮಂಡಿಗೆ ಓದೆ.

ಮತ್ತೇನು ಮಾಡ್ಬೇಕಾಗಿತ್ತು? ಅವ್ನು ಓಗ್ಬುಟ್ಟಿದ್ದ. ನಾನು ರೋಡಲ್ಲಿ ನಿಂತ್ಕಂಡ್ರೆ ಎದ್ದು ಬತ್ತಿದ್ನಾ? ಶುಂಠಿ ಬಿಸ್ಲಲ್ಲಿ ಒಣಗ್ತಿತ್ತು.

ಮುಖ ಯಾಕೆ ಆ ಕಡೆ ತಿರುಗುಸ್ಕಂಡ್ರಿ?

ತಿಥಿಗೆ ಅಕ್ಕಿ ನಾನೇ ಕೊಟ್ಟೆ. ಕೇಳಿ ಬೇಕಾದ್ರೆ. ಆದ್ರೆ ಅವನ ಮಗಳು ಒಬ್ಳವ್ಳೆ, ಧನಲಕ್ಷ್ಮಿ ಅಂತ. ಹಾಸನದಲ್ಲಿ ಕಾಲೇಜು ಓದ್ತವ್ಳೆ. ಓದ್ಸಿದ್ದೇ ತಪ್ಪಾಯ್ತು. ಅಕ್ಕಿ ಮೂಟೇನ ನಮ್ಮ ಜಗುಲಿ ಮೇಲೆ ವಾಪಸ್ ತಂದು ಕುಕ್ಕಿ, ಸೀದಾ ಠಾಣೆಗೆ ಓಗಿ ಬರ್ದು ಕೊಟ್ಟವ್ಳೆ. ಒಳಗೆ ಸೀಟು ಖಾಲಿ ಇತ್ತು, ನಮ್ಮಪ್ಪ ಕೂರೋದು ಇವ್ರಿಗೆ ಆಗಾಕಿಲ್ಲ ಅಂತ ಮೂಟೆ ಮೇಲೆ ಹತ್ತಿಸಿ ಸಾಯ್ಸುದ್ರು, ಅಂತ. ನೋಡುದ್ರಾ ಬಾಯಿ! ಆ ಕೇಸು ಬಿದ್ರೆ ಬೇಲು ಸಿಕ್ಕಾಕಿಲ್ವಂತೆ. ಒಳಗೇ ಕೊಳೀಬೇಕು. ನನ್ನಂಥೋನು, ಆ ಪೋರಿ ಮಾತಿಗೆ!

ಅದ್ಕೇ ಠಾಣೇಲಿ ಅವಳ ಮುಂದೆನೇ ನಾನಂದೆ, ಸೀಟು ಸರಿಯಿರ್ಲಿಲ್ಲ ಕಣಮ್ಮ, ಸ್ಪ್ರಿಂಗ್ ಎದ್ದಿತ್ತು, ಚುಚ್ತಿತ್ತು, ಕೂರುಸಾಕೆ ಆಯ್ತಿರ್ಲಿಲ್ಲ ಅಂತ. ನಾಳೆ ಠಾಣೆಗೆ ಗಾಡಿ ತಂದು ನಿಲ್ಸು, ನೋಡ್ತೀವಿ ಅಂದವ್ರೆ ಪೊಲೀಸ್ನೋರು. ನಮ್ಮ ವಕೀಲ್ರು ಸೀಟು ನೋಡುದ್ರು. ಇದನ್ನ ಇಂಗೇ ತಕ್ಕಂಡೋಗ್ಬೇಡ ಪುಟ್ಟರಾಜು, ನೂರು ಪ್ರಶ್ನೆ ಕೇಳ್ತಾರೆ, ಹೊಸಾದು ಆಕ್ಸಿ ಹಳೇದ್ರ ಬಗ್ಗೆ ಕೆಲಸ ಗೊತ್ತಿರೋನ ಕೈಲಿ ಒಂದು ಚೀಟಿ ಇಸ್ಕಂಡು ಬಾ ಅಂದ್ರು. ಅದ್ಕೇ ನಿಮ್ಮ ತಾವ ಬಂದಿದ್ದು. ಈಗ ಗೊತ್ತಾಯ್ತಲ್ಲ? ಬರೀರಿ.

ಮತ್ತೆ ಸೀಟಿಗೆ ಯಾಕೆ ಕೈ ಆಕುದ್ರಿ? ಚೀಟಿ ಬರೀರಿ ಅಂದ್ರೆ!

ಏನು ಸವರ್ತಾ ಇದೀರಿ ಅಲ್ಲಿ? ಅಂಚನ್ನಾ? ರೆಕ್ಸಿನ್ ಸವೆದು ಸವೆದು ಹರಿದದೆ. ಹದ್ನಾಕು ವರ್ಸ ಆಯ್ತು, ಸವೆಯಾಕಿಲ್ವಾ?

ನೆಟ್ಟಗದೆ? ನೆಟ್ಟಗಿರ್ಲಿ ಬುಡಿ, ಹರಿಯೋದು ಸೊಟ್ಟಗೇ ಹರೀಬೇಕು ಅಂತ ಕಾನೂನದಾ? ಇಲಿ ಕಡ್ದಿರ್ಬೇಕು. ಊಂ, ಇಲಿ. ಶೆಡ್ಡಲ್ಲಿ ಇಲಿ ಕಾಟ ಜಾಸ್ತಿ ನಮ್ಗೆ.

ಇಲಿ ಅಲ್ಲ ಅಂತೀರಾ? ತಲೆ ಆಡಿಸುದ್ರಲ್ಲ ಈಗ! ಸರಿ, ಇಲಿ ಅಲ್ಲ. ನಮ್ಮ ಮೊಮ್ಮಗ. ಬ್ಲೇಡು ಇಟ್ಕಂಡು ಆಟಾಡ್ತಾ ಎಳ್ದವ್ನೆ. ಮಕ್ಳು ಕಣ್ರೀ, ಏನು ಮಾಡಾಕಾಯ್ತದೆ? ಯಾವಾಗ ಎಳುದ್ನೋ ಏನೋ. ತುಂಬಾ ದಿನ ಆಯ್ತು. ವರ್ಸಾನೇ ಆಗಿರ್ಬೇಕು.

ಆ ಫೋಮು ಯಾಕೆ ಎಳ್ದು ತೋರುಸ್ತೀರಿ ನಂಗೆ? ಗೊತ್ತು, ಇನ್ನೂ ಹಳ್ದಿ ಬಣ್ಣ, ಕಪ್ಪಾಗಿಲ್ಲ. ಧೂಳು ಇಲ್ಲ. ನಮ್ಮ ಗಾಡಿ ಚೊಕ್ಕಟ, ಧೂಳು ಕೂರಾಕಿಲ್ಲ. ಅಷ್ಟೊಂದು ಸೂಕ್ಷ್ಮ ನೋಡಾಕೆ ನೀವೇನು ಕೋರ್ಟಾ? ಕುಷನ್ ಒಲಿಯೋರು ಕುಷನ್ ಒಲೀಬೇಕು.

ಹರಿದಿದ್ರೂ ಗಟ್ಟಿ ಸೀಟು ಕಣ್ರೀ ಅದು, ಮೊದ್ಲಿನ ಕಾಲದ ಸ್ಪ್ರಿಂಗು! ಹೋದ ತಿಂಗ್ಳು ನಮ್ಮ ಬೀಗರು, ಶಾಂತಿಗ್ರಾಮದೋರು, ನೂರು ಕೇಜಿ ಆಳು, ಅದ್ರ ಮೇಲೇ ಕೂತ್ಕಂಡು ಕೊಣನೂರು ಗಂಟ ಗೊರ್ಕೆ ಹೊಡ್ಕಂಡು ಬಂದ್ರು. ಒಂದು ಸಲ ಚುಚ್ತು ಅಂತ ಅನ್ಲಿಲ್ಲ...

ಇಲ್ಲ. ಇಲ್ಲ, ತಡೀರಿ. ಅದು... ಅವ್ರು ದಪ್ಪನೇ ಟವಲ್ ಹಾಸ್ಕಂಡು ಕೂತಿದ್ರು. ಎರಡು ಟವಲ್. ಬೀಗರು, ಏನು ಮಾಡಾಕಾಯ್ತದೆ, ಮೂಟೆ ಮೇಲೆ ಕೂರಿ ಅನ್ನಾಕಾಯ್ತದಾ? ಮರ್ಯಾದಸ್ಥರು. ಎಲ್ಲಿ ಯಾರನ್ನ ಕೂರುಸ್ಬೇಕೋ ಅಲ್ಲಿ ಕೂರುಸ್ತೀವಪ್ಪ. ನಿಮ್ಮನೇಲೂ ಅಂಗೇ ತಾನೆ?

ಅಲ್ವಾ?

ಏನಪ್ಪ ನೀನು, ಒಂದು ಮಾತೂ ಆಡಾಕಿಲ್ವಲ್ಲ! ಎಷ್ಟು ಬೇಕು ಹೇಳ್ಬುಡು, ಅದ್ರಾಗೆ ನಾಚ್ಕೆ ಏನು ಬಂತು? ಬ್ಯಾಡ್ವಾ? ಬ್ಯಾಡ ಅಂತ ಕೈ ಅಡ್ಡ ಆಡಿಸ್ತೀಯಾ? ಓ, ದೊಡ್ಡ ಹರಿಶ್ಚಂದ್ರ! ನೋಡು, ಸತ್ತೋನು ಸತ್ತ. ಅರವತ್ತೆರಡು ವರ್ಸ, ಅಷ್ಟಕ್ಕೂ ಇನ್ನೆಷ್ಟು ದಿನ ಇರ್ತಿದ್ದ? ನಂಗಿನ್ನೂ ಮನೆ ಅದೆ, ಮಠ ಅದೆ, ನಾಲ್ಕು ಜನದೆದ್ರು ತಲೆ ಎತ್ಕಂಡು ಓಡಾಡ್ಬೇಕು. ಎರಡು ಸಾಲು ಬರ್ದ್ರೆ ನಿನ್ನ ಪೆನ್ನು ಸವೆದೋಗ್ತದಾ?

ಹಾಂ, ಬಾಗ್ಲು ತೆಗೀತೀಯಾ? ತೆಗಿ ತೆಗಿ. ಅಂಗೆ ದಾರಿಗೆ ಬಾ. ಬೋಲ್ಟು ಒಳ್ಗಡೆ ಅವೆ, ಕೆಳಗೆ ಬಗ್ಗಿ ನೋಡು. ಹತ್ತೋದು ಯಾಕೆ? ಕೆಳಗೇ ನಿಂತ್ಕಂಡು ಬಿಚ್ಚಬೋದು.

ಏ. ಏ, ಯಜಮಾನ್ರೇ.

ಕೂತ್ಬುಟ್ಟೆಯಲ್ಲಪ್ಪ!

ಬ್ಯಾಡ, ಏಳು. ಚುಚ್ತದೆ... ಚುಚ್ತಿಲ್ವಾ? ಏನೂ ಆಯ್ತಿಲ್ವಾ? ಬೆನ್ನು ಒರಗಿಸ್ಕಂಡು ಎಷ್ಟು ನೆಮ್ಮದಿಯಾಗಿ ಕೂತವ್ನೆ ನೋಡು! ತಮಾಷೆ ಮಾಡ್ತೀಯಾ ನನ್ನ ಕುಟೆ? ಸರಿ, ಗೊತ್ತಾಯ್ತು, ಕೂರ್ಬೋದು, ಸೀಟು ಗಟ್ಟಿಯಾಗದೆ, ನಾನೇ ಮೊನ್ನೆ ರಾತ್ರಿ ಕುಯ್ದೆ, ಆಯ್ತಾ? ತೃಪ್ತಿ ಆಯ್ತಾ? ಈಗ ಇಳಿ.

ಇಳಿ ಅಂದೆ.

ಅಂಗೆ ನೋಡ್ಬೇಡ ನನ್ನ. ಕೈ ತೊಡೆ ಮೇಲೆ ಮಡಿಕ್ಕಂಡು ಅಂಗೆ ನೋಡ್ಬೇಡ! ಅವನೂ ಇಂಗೇ ಕೂತಿದ್ದ. ನಾನು ಹಗ್ಗ ಬಿಗಿದು ಬರೋ ಹೊತ್ಗೆ, ಯಾರನ್ನೂ ಕೇಳ್ದೆ, ಬಾಗ್ಲು ತೆಗ್ದು ಹತ್ತಿ ಇಲ್ಲೇ, ಇದೇ ಜಾಗದಲ್ಲಿ ಕೂತ್ಬುಟ್ಟಿದ್ದ. ಮೈ ಕೆಂಡ ಆಗಿತ್ತು, ಕಣ್ಣು ಮುಚ್ಕಂಡಿದ್ದ. ನನ್ನ ಪಕ್ಕ! ಅಂಗೇ ಅರಕಲಗೂಡು ಪ್ಯಾಟೆ ಮಧ್ಯೆ ಓಗ್ಬೇಕಾಗಿತ್ತಾ, ಜನ ಎಲ್ಲಾ ನೋಡ್ತಾ ಇರ್ಬೇಕಾದ್ರೆ, ನನ್ನ ಪಕ್ಕ! ರಟ್ಟೆ ಹಿಡ್ಕಂಡು ನಾನೇ ಎಳುದ್ನಪ್ಪ, ಏನಿವಾಗ? ಯಾರ ಜಾಗ ಯಾರಿಗೆ ಅಂತ ಗೊತ್ತಿರ್ಬೇಕಾಗಿತ್ತು ಅವನಿಗೆ.

ಅವ್ನು ಇಳ್ದ ಕಣ್ಲಾ. ಇಳಿ ಅಂದ ತಕ್ಷಣ ಇಳ್ದ. ತಪ್ಪಾಯ್ತು ಬುದ್ಧಿ ಅಂದು, ಟವಲ್ಲಲ್ಲಿ ಸೀಟು ಒರೆಸಿ ಇಳ್ದ.

ಲೇ... ನೀನ್ಯಾಕ್ಲಾ ಇಳೀತಿಲ್ಲ?