ಹತ್ತನೆಯ ಹೆಸರು

ಪೂಜ್ಯರೂ ರಾಜಾಜಿನಗರದ ಈ ನಮ್ಮ ಮಹಿಳಾ ಸಮಾಜದ ಅಧ್ಯಕ್ಷರೂ ಆದ ಶ್ರೀಮತಿ ಕಲ್ಯಾಣಮ್ಮನವರೇ, ಮುಖ್ಯ ಅತಿಥಿಗಳೂ ನಿವೃತ್ತ ವ್ಯಾಯಾಮ ಶಿಕ್ಷಕರೂ ಆದ ಶ್ರೀ ಗುರುಬಸಪ್ಪನವರೇ, ಸಮಾಜದ ಹಿರಿಯ ಕಿರಿಯ ಸದಸ್ಯೆಯರೇ, ಅವರನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ನಿಂತೇ ಇರುವ ಯಜಮಾನರುಗಳೇ, ಉಪ್ಪಿಟ್ಟಿನ ವಾಸನೆ ಬಂದಾಗಿನಿಂದ ಹಿಂದಕ್ಕೆ ತಿರುಗಿ ನೋಡುತ್ತಿರುವ ಮಕ್ಕಳೇ, ಸಭಿಕರೇ,

ವಂದನಾರ್ಪಣೆಗೆ ಮೂರು ನಿಮಿಷ ಎಂದು ಅಧ್ಯಕ್ಷರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಕಾರ್ಯದರ್ಶಿ ವತ್ಸಲಾ ಬಾಯಿ ತೆರೆದರೆ ಬೇಗ ಮುಚ್ಚುವುದಿಲ್ಲ ಎಂಬುದು ಅವರಿಗೆ ಗೊತ್ತು. ಆದರೂ ವರ್ಷ ವರ್ಷವೂ ಈ ಕೆಲಸವನ್ನು ನನಗೇ ವಹಿಸುತ್ತಾರೆ. ಅದು ಅವರ ದೊಡ್ಡತನ.

ಮೊದಲಿಗೆ ಮುಖ್ಯ ಅತಿಥಿಗಳಿಗೆ ವಂದನೆ. ನಾಳೆ ಭಾನುವಾರ ಬೆಳಗ್ಗೆ ಆರು ಗಂಟೆಗೆ ನಮ್ಮ ಸಮಾಜದ ಚರಿತ್ರೆಯಲ್ಲೇ ಮೊದಲ ಬಾರಿಗೆ ಮಹಿಳೆಯರ ಓಟದ ಸ್ಪರ್ಧೆ ನಡೆಯಲಿದೆ. ನಿಂಬೆಹಣ್ಣು ಚಮಚ ಅಲ್ಲ, ಕುರ್ಚಿಯ ಆಟ ಅಲ್ಲ, ನಿಜವಾದ ಓಟ. ಈ ಗೇಟಿನಿಂದ ಬಸವೇಶ್ವರನಗರದ ಹೊಸ ಬಡಾವಣೆಯ ನೀರಿನ ಟ್ಯಾಂಕಿನವರೆಗೆ ಹೋಗಿ ಬರಬೇಕು, ಒಟ್ಟು ಮೂರು ಕಿಲೋಮೀಟರು. ವಯಸ್ಸಿನ ಮಿತಿ ಇಲ್ಲ ಎಂದು ಅಧ್ಯಕ್ಷರೇ ಸ್ವತಃ ಬರೆಸಿದರು. ಹೆಸರು ಕೊಟ್ಟವರು ಒಂಬತ್ತು ಜನ, ಒಂಬತ್ತೂ ಹೈಸ್ಕೂಲಿನ ಹುಡುಗಿಯರು. ಪಟ್ಟಿ ನನ್ನ ಕೈಯಲ್ಲಿದೆ. ವಂದನಾರ್ಪಣೆ ಮುಗಿದ ಕೂಡಲೇ ಇದನ್ನು ಗುರುಬಸಪ್ಪನವರಿಗೆ ಒಪ್ಪಿಸಬೇಕು. ಆಮೇಲೆ ಯಾರ ಹೆಸರನ್ನೂ ಸೇರಿಸಿಕೊಳ್ಳುವ ಹಾಗಿಲ್ಲ.

ಈಗ ತಾನೇ ಅವರು ಒಂದು ಮಾತು ಹೇಳಿದರು. ಓಟವೇ ಗೊತ್ತಿಲ್ಲದವರು ಮೊದಲ ಸ್ಪರ್ಧೆಗೆ ಯಾವಾಗ ಇಳಿಯಬೇಕು? ಅಷ್ಟು ದೂರವನ್ನು ವಾರಕ್ಕೆ ಮೂರು ಸಲ ನಿಲ್ಲದೆ ಓಡಲು ಬಂದರೆ, ಓಡುತ್ತಲೇ ಪಕ್ಕದವರ ಜೊತೆ ನಾಲ್ಕು ಮಾತಾಡುವಷ್ಟು ಉಸಿರು ಉಳಿದಿದ್ದರೆ, ಅಂಥವರು ಸಿದ್ಧರಾದಂತೆ ಎಂದರು. ಅದನ್ನು ಕೇಳುತ್ತಾ ಇಲ್ಲಿ ಕೂತಿದ್ದ ನನ್ನ ಕೈ ಬೆವರಿತು. ಪಟ್ಟಿಯ ಮೂಲೆ ಒದ್ದೆಯಾಗಿದೆ, ನೋಡಿ. ಯಾಕೆಂದರೆ ಸಭಿಕರೇ, ನನಗೆ ಅಷ್ಟು ಓಡಲು ಬಂದು ಒಂದು ವರ್ಷದ ಮೇಲಾಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ತಿಂಗಳ ಸಾಮಾನಿನ ಚೀಟಿಯನ್ನು ಬಾಯಲ್ಲಿ ಹೇಳಿಕೊಂಡು ಓಡುತ್ತಿದ್ದೆ. ತೊಗರಿಬೇಳೆಯಿಂದ ಶುರು ಮಾಡಿ ಬಟ್ಟೆ ಸೋಪಿನವರೆಗೂ ಉಸಿರು ಕಟ್ಟದೆ ಬರುತ್ತದೆ.

ನಗಬೇಡಿ. ಅಥವಾ ನಗಿ, ನನಗೂ ಸ್ವಲ್ಪ ಧೈರ್ಯ ಬರುತ್ತದೆ.

ಎಲ್ಲಿ ಓಡಿದೆ, ಯಾವಾಗ ಓಡಿದೆ ಎಂದು ಕೇಳುತ್ತೀರಿ. ಹಾಲಿನ ಸಾಲಿನಲ್ಲಿ ನಿಂತಾಗ ಓಡಿದೆ.

ಹಾಲಿನ ಬೂತಿನ ಪದ್ಧತಿ ನಿಮಗೆಲ್ಲ ಗೊತ್ತಿದ್ದದ್ದೇ. ಬೆಳಗ್ಗೆ ಐದಕ್ಕೆ ಹೋಗುತ್ತೇವೆ, ವ್ಯಾನು ಬರುವುದು ಆರಕ್ಕೆ. ಅಷ್ಟು ಹೊತ್ತು ಕಾಲು ನೋಯಿಸಿಕೊಂಡು ಯಾರು ನಿಲ್ಲುತ್ತಾರೆ? ಖಾಲಿ ಬಾಟಲಿಯ ತಂತಿ ಬುಟ್ಟಿಯನ್ನು ಸಾಲಿನಲ್ಲಿ ಇಟ್ಟು, ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತೇವೆ. ಬುಟ್ಟಿ ಇದ್ದರೆ ಮನುಷ್ಯರು ಇದ್ದ ಹಾಗೆ. ಅದನ್ನು ಯಾರೂ ಸರಿಸುವುದಿಲ್ಲ, ಪ್ರಶ್ನಿಸುವುದೂ ಇಲ್ಲ. ಇಂಥ ನಂಬಿಕೆ ನಮ್ಮ ಬಡಾವಣೆಯಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು?

ಎರಡು ವರ್ಷದ ಹಿಂದೆ ಇದೇ ಚಳಿಗಾಲದಲ್ಲಿ ಒಂದು ದಿನ ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಬೆಚ್ಚಗಾಗಲಿ ಎಂದು ಬುಟ್ಟಿ ಇಟ್ಟು ಹೊಸ ಬಡಾವಣೆಯ ಕಡೆ ಬಿರಬಿರನೆ ನಡೆದೆ. ಒಂದು ನಾಯಿ ಅಟ್ಟಿಸಿಕೊಂಡು ಬಂತು, ಓಡಿದೆ. ರಸ್ತೆಯ ಕೊನೆಯಲ್ಲಿ ಅದರ ಸರಹದ್ದು ಮುಗಿಯಿತೆಂದು ಕಾಣುತ್ತದೆ, ನಿಂತುಬಿಟ್ಟಿತು. ನಾನು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬುದು ಇವತ್ತಿಗೂ ನನಗೆ ತಿಳಿಯದು. ಮುಂದಿನ ಮೋರಿಯ ತನಕ ಓಡಿ, ಅದರ ಕಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಒಬ್ಬಳೇ ನಕ್ಕೆ.

ಆ ಹೊತ್ತಿನಲ್ಲಿ ಆ ಬಡಾವಣೆಯನ್ನು ನೀವು ನೋಡಬೇಕು. ಟ್ರಸ್ಟ್ ಬೋರ್ಡಿನವರು ರಸ್ತೆ ಹಾಕಿದ್ದಾರೆ, ರಸ್ತೆಗೆ ನಂಬರು ಕೊಟ್ಟಿದ್ದಾರೆ, ದೀಪದ ಕಂಬವನ್ನೂ ನೆಟ್ಟಿದ್ದಾರೆ. ಮನೆಗಳು ಮಾತ್ರ ಇಲ್ಲ. ಮಂಜಿನಲ್ಲಿ ಸೈಟು ಕಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡು, ಒಂದೊಂದಾಗಿ ಹಿಂದಕ್ಕೆ ಹೋಗುತ್ತವೆ. ಇಲ್ಲಿ ಯಾರ ಅಡುಗೆಮನೆ ಬರುತ್ತದೋ, ಇಲ್ಲಿ ಯಾರ ತುಳಸಿಕಟ್ಟೆಯೋ ಎಂದುಕೊಂಡು, ಇನ್ನೂ ಕಟ್ಟದ ಮನೆಗಳ ಹಜಾರ, ನಡುಮನೆ, ಹಿತ್ತಲು ಎಲ್ಲವನ್ನೂ ಹಾದು ನಾನು ಓಡುತ್ತಿದ್ದೆ. ಯಾರೂ 'ಯಾರು ನೀನು?' ಎನ್ನುವುದಿಲ್ಲ. ನಾನು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ, ಈ ಸಮಾಜದ ಕಾರ್ಯದರ್ಶಿಯೂ ಅಲ್ಲ. ಬಡಾವಣೆಗೆ ಎರಡನೆಯ ಸುತ್ತು ಮುಗಿಯುವಾಗ ಕಾಲು ನನ್ನದೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು. ನೆಲ ತಾನಾಗಿಯೇ ಹಿಂದೆ ಸರಿಯುತ್ತಿದೆ, ನಾನು ಸುಮ್ಮನೆ ಮೇಲೆ ಇದ್ದೇನೆ ಎನ್ನಿಸುತ್ತಿತ್ತು. ಅಷ್ಟು ಸುಖವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಹೀಗೆ ಹೇಳುವುದು ತಪ್ಪೋ ಏನೋ, ಹೇಳಿಯಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಂದನೆಗೇ ಬರುತ್ತೇನೆ.

ಎರಡನೆಯ ವಂದನೆ ಈ ಸಭೆಯಲ್ಲಿ ಇಲ್ಲದ ಒಬ್ಬರಿಗೆ. ಕಾಮಾಕ್ಷಿಪಾಳ್ಯದಲ್ಲಿ ಊದುಬತ್ತಿ ಹೊಸೆಯುವ ಮುನಿತಾಯಮ್ಮ ಸಾಲಿನಲ್ಲಿ ದಿನವೂ ನನ್ನ ಹಿಂದೆಯೇ ಇರುತ್ತಾರೆ. ನನ್ನ ಬುಟ್ಟಿಯನ್ನೂ ಚಪ್ಪಲಿಯನ್ನೂ ಕಾಯುತ್ತಿದ್ದವರು ಅವರೇ. ವಾಪಸು ಬರುವಾಗ ನಾನು ಸೆರಗು ಹೊದ್ದು, ಮುಖ ಒರೆಸಿಕೊಂಡು, ಎಲ್ಲೋ ಪಕ್ಕದಲ್ಲೇ ಇದ್ದವಳಂತೆ ಮೆಲ್ಲಗೆ ಬರುವುದನ್ನು ಎಷ್ಟೋ ದಿನ ಸುಮ್ಮನೆ ನೋಡಿದರು. ಒಂದು ದಿನ ಕೇಳಿಯೇಬಿಟ್ಟರು. "ಓಡೋದೇನು ಕಳ್ತನ ಅಲ್ವಲ್ಲಮ್ಮ. ಯಾಕೆ ಹಿಂಗೆ ಬಚ್ಚಿಟ್ಕೊಂಡು ಬರ್ತೀಯ?"

ನಾನು ಚಪ್ಪಲಿ ಮೆಟ್ಟಿಕೊಂಡು ಬುಟ್ಟಿ ಎತ್ತಿಕೊಂಡೆ.

ಯಾವತ್ತಾದರೂ ಒಂದು ಸ್ಪರ್ಧೆಯಲ್ಲಿ ಓಡಬೇಕು ಎಂಬ ಆಸೆಯನ್ನು ನಾನು ಹೇಳಿಕೊಂಡದ್ದು ಅವರೊಬ್ಬರ ಹತ್ತಿರ. ಹೋದ ವರ್ಷ ಎರಡು ಕಡೆ ಹೆಂಗಸರ ಓಟ ನಡೆಯಿತು, ಒಂದು ವಿಜಯನಗರದಲ್ಲಿ, ಒಂದು ಕೆಂಗೇರಿಯಲ್ಲಿ. ವಿಜಯನಗರದ್ದು ಆಷಾಢದಲ್ಲಿ ಬಂತು. ಹೊಸ ಕೆಲಸ ಆಷಾಢದಲ್ಲಿ ಯಾರು ಶುರು ಮಾಡುತ್ತಾರೆ ಎಂದೆ. ಕೆಂಗೇರಿಯದು ಧನುರ್ಮಾಸದಲ್ಲಿ ಬಂತು. ಮನೆಯಲ್ಲಿ ಬೆಳಗಿನ ಪೂಜೆ, ಹುಗ್ಗಿಯ ನೈವೇದ್ಯ, ಸಂಕ್ರಾಂತಿ ಕಳೆಯಲಿ ಎಂದೆ. ನಡುವೆ ನಾಲ್ಕು ಸುತ್ತು ಬಂದರೆ ಸಾಕು ಅಂದವಳು, ನಾಲ್ಕು ಬಂದ ಮೇಲೆ ಆರಾಗಲಿ ಅಂದೆ. ಆರಾದ ಮೇಲೆ, ಆಷಾಢದಲ್ಲಿ ಓಡಿದರೆ ದೋಷವಿಲ್ಲವೇ, ಹೆಸರು ಕೊಟ್ಟರೆ ಮಾತ್ರ ದೋಷವೇ ಎಂದು ನನ್ನನ್ನು ನಾನೇ ಕೇಳಿಕೊಂಡದ್ದೂ ಉಂಟು. ಪಂಚಾಂಗವನ್ನು ಬೈದು ಪ್ರಯೋಜನವಿಲ್ಲ. ಪಂಚಾಂಗ ನನ್ನನ್ನು ತಡೆಯಲಿಲ್ಲ, ನಾನೇ ಅದರ ಹಿಂದೆ ಅವಿತುಕೊಂಡೆ. ಮುನಿತಾಯಮ್ಮ ಅಂದರು, "ಎಲ್ಲಾರೂ ರೆಡಿನಾ ಅಂತ ಕೇಳ್ಕೊಂಡು ವ್ಯಾನು ಬತ್ತದಾ? ಬಂದಾಗ ಬುಟ್ಟಿ ಎತ್ಕೊಂಡು ಹೋಗಬೇಕಷ್ಟೆ."

ಮೂರನೆಯದು ವಂದನೆಯಲ್ಲ, ತಪ್ಪೊಪ್ಪಿಗೆ. ವಾರ್ಷಿಕ ವರದಿಯಲ್ಲಿ ಅಧ್ಯಕ್ಷರು ಈ ವರ್ಷದ ಬಹು ದೊಡ್ಡ ಸಾಧನೆ ಎಂದು ಏನನ್ನು ಓದಿದರು? ಬೂತಿನಲ್ಲಿ ಹೆಂಗಸರಿಗೆ ಪ್ರತ್ಯೇಕ ಸಾಲು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ.

ಹೋದ ಬೇಸಿಗೆಯಲ್ಲಿ ನನ್ನ ಮೊಣಕಾಲು ಒಡೆದು ರಕ್ತ ಬಂದಿತ್ತು, ನೆನಪಿದೆಯೇ? ಸಾಲಿನಲ್ಲಿ ಗಂಡಸರು ನೂಕಿದರು, ಬಿದ್ದೆ ಎಂದು ಮನೆಯಲ್ಲಿ ಹೇಳಿದೆ. ನಮ್ಮ ಅತ್ತೆಯವರು ಅರಿಸಿನ ಮೆತ್ತಿ, ಬೂತಿನವರಿಗೆಲ್ಲ ಶಾಪ ಹಾಕಿದರು. ನಮ್ಮ ಮನೆಯವರು ಕೋಪದಲ್ಲಿ ನೇರ ಕಲ್ಯಾಣಮ್ಮನವರ ಮನೆಗೇ ಹೋದರು. ಸಮಾಜದಿಂದ ಅರ್ಜಿ ಹೋಗಬೇಕೆಂದು ತೀರ್ಮಾನವಾಯಿತು. ಅರ್ಜಿ ಬರೆಯುವವರು ಯಾರು? ಕಾರ್ಯದರ್ಶಿ. ಅಂದರೆ ನಾನೇ. "ಸಭ್ಯ ಗೃಹಿಣಿಯೊಬ್ಬರು ನೂಕುನುಗ್ಗಲಿಗೆ ಸಿಕ್ಕಿ ಗಾಯಗೊಂಡಿರುವುದು ಶೋಚನೀಯ" ಎಂದು ನನ್ನ ಕೈಯಾರೆ ಬರೆದೆ.

ನನ್ನನ್ನು ಯಾರೂ ನೂಕಲಿಲ್ಲ. ಸೈಟು ಕಲ್ಲು ಎಡವಿ ಬಿದ್ದೆ, ಏಳನೆಯ ಅಡ್ಡರಸ್ತೆಯಲ್ಲಿ. ಆ ಸಾಲಿನ ಗಂಡಸರಲ್ಲಿ ಇಬ್ಬರು ಬಾಗಿಲ ಬಳಿ ಇದ್ದಾರೆ, ಅವರ ಕ್ಷಮೆ ಕೇಳುತ್ತೇನೆ. ಒಂದು ಮಾತ್ರ ಹೇಳಬೇಕು, ಸುಳ್ಳಿಗೆ ಶಿಕ್ಷೆಯೂ ಆಗಿದೆ. ಹೆಂಗಸರ ಸಾಲು ಬೇಗ ಮುಗಿಯುತ್ತದೆಂದು ಬೂತಿನವರು ಅದನ್ನೇ ಮೊದಲು ಕರೆಯುತ್ತಾರೆ. ನನ್ನ ಓಟಕ್ಕೆ ಹತ್ತು ನಿಮಿಷ ಖೋತಾ.

ಎಲ್ಲರೂ ನಗುತ್ತಿದ್ದೀರಿ, ಒಬ್ಬರು ನಗುತ್ತಿಲ್ಲ. ಎರಡನೆಯ ಸಾಲಿನಲ್ಲಿ ಕೂತಿರುವ ನಮ್ಮ ಅತ್ತೆ, ಅನಂತಲಕ್ಷ್ಮಮ್ಮನವರು. ಇಷ್ಟು ದಿನ ನಾನು ಬಾಯಿ ಬಿಡದೆ ಇದ್ದದ್ದು ಅವರಿಗೆ ಹೆದರಿ ಎಂದುಕೊಳ್ಳಬೇಡಿ. ಅವರು ಗದರುವವರಲ್ಲ. ಅವರು ಹೊಗಳುವವರು. ಅದೇ ಕಷ್ಟ. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ, "ನಮ್ಮ ವತ್ಸಲಾ ಎರಡು ವರ್ಷದಿಂದ ಒಂದು ದಿನಾನೂ ಹಾಲಿನ ಸಾಲು ತಪ್ಪಿಸಿಲ್ಲ, ಮಗನ್ನ ಕಳಿಸ್ತೀನಿ ಅಂದ್ರೂ ಕೇಳಲ್ಲ, ನಾನೇ ಹೋಗ್ತೀನಿ ಅಂತಾಳೆ" ಎಂದು ಹೇಳಿಕೊಂಡು ಬಂದಿದ್ದಾರೆ. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನೀವೆಲ್ಲ ತಲೆದೂಗಿದ್ದೀರಿ. ಅವರ ಮುಖಕ್ಕೆ ಬರುತ್ತಿದ್ದ ಆ ಕಳೆಯನ್ನು ನನ್ನ ಕೈಯಿಂದ ಒರೆಸುವುದು ಹೇಗೆ? ಆ ಒಳ್ಳೆಯ ಹೆಸರು ನನ್ನದಲ್ಲ, ಸಾಲಿನಲ್ಲಿ ನಿಂತಿದ್ದ ಬುಟ್ಟಿಯದು ಎಂದು ಹೇಗೆ ಹೇಳುವುದು? ಓಟಕ್ಕೆ ಹೆಸರು ಕೊಟ್ಟರೆ ಇದೆಲ್ಲವೂ ಹೊರಗೆ ಬರುತ್ತದೆ. ನಾನು ಕಾದದ್ದು ಕಾಲು ಗಟ್ಟಿಯಾಗಲಿ ಎಂದಲ್ಲ. ಈ ಒಂದು ಮಾತನ್ನು ಹೇಳದೆಯೇ ಓಡುವ ದಿನ ಬರಲಿ ಎಂದು ಕಾದೆ. ಅಂಥ ದಿನ ಇಲ್ಲ ಎಂದು ಈಗ ಮಾತಾಡುತ್ತಾ ಮಾತಾಡುತ್ತಾ ಗೊತ್ತಾಯಿತು.

ಅತ್ತೆ, ಇನ್ನೊಂದೇ ನಿಮಿಷ ಕೂತಿರಿ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಕೆಂಗೇರಿಯಲ್ಲಿ ನಾನು ಹತ್ತನೆಯ ತರಗತಿಯಲ್ಲಿದ್ದೆ. ಶಾಲೆಯ ಓಟದ ಪಂದ್ಯಕ್ಕೆ ನನ್ನ ಹೆಸರೂ ಇತ್ತು. ಆ ಶನಿವಾರ ಬೆಳಗ್ಗೆ ಎದ್ದರೆ ಮನೆಯಲ್ಲಿ ಕೇಸರಿಬಾತಿನ ಘಮ. ಹೆಣ್ಣು ನೋಡಲು ಬರುತ್ತಾರೆ, ಶಾಲೆಗೆ ಹೋಗಬೇಡ ಎಂದರು ನಮ್ಮ ತಂದೆ. ನಮ್ಮ ತಂದೆಗೆ ಎದುರು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅಮ್ಮನ ಗಟ್ಟಿ ಜರಿ ಸೀರೆ ಉಟ್ಟು ಚಾಪೆಯ ಮೇಲೆ ಕೂತೆ. ಹಾಡು ಎಂದರು, ಹಾಡಿದೆ. ಆಮೇಲೆ ಬಂದವರಲ್ಲಿ ಹಿರಿಯರೊಬ್ಬರು, "ಎಲ್ಲಿ, ನಾಲ್ಕು ಹೆಜ್ಜೆ ನಡೆದು ತೋರ್ಸಮ್ಮಾ" ಎಂದರು. ಕಾಲು ಸರಿಯಿದೆಯೇ ಎಂದು ನೋಡುವ ಶಾಸ್ತ್ರ, ಎಲ್ಲರ ಮನೆಯಲ್ಲೂ ಇದ್ದದ್ದೇ. ದೇವರ ಕೋಣೆಯಿಂದ ಹೊಸಿಲಿನವರೆಗೆ ನಡೆದೆ, ತಿರುಗಿ ಬಂದೆ. ಅದೇ ಹೊತ್ತಿಗೆ ಮೈದಾನದಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದರಂತೆ. ಗೆಳತಿ ಸೋಮವಾರ ಹೇಳಿದಳು. ಮೂರು ಸಲ ಕೂಗಿ, ಬಂದಿಲ್ಲ ಎಂದು ಬರೆದುಕೊಂಡರಂತೆ.

ನಡೆದು ತೋರಿಸು ಎಂದವರು ನಮ್ಮ ಅತ್ತೆಯವರೇ. ಅವರ ತಪ್ಪಲ್ಲ ಅದು, ಅವರಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಹೇಳುವವರಾದರೂ ಯಾರಿದ್ದರು? ನಾನು ಅವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಲಿಲ್ಲ. ಅವರ ಮಗನನ್ನು ಮದುವೆಯಾಗಿದ್ದಕ್ಕೆ ನನಗೆ ಬೇಸರವಿಲ್ಲ, ಇದನ್ನು ಬಾಗಿಲ ಬಳಿ ನಿಂತಿರುವ ನಮ್ಮ ಮನೆಯವರಿಗಾಗಿ ಬಿಡಿಸಿ ಹೇಳುತ್ತಿದ್ದೇನೆ. ಆದರೆ ಓಡದೆ ಹೋದ ಆ ಓಟ ಹತ್ತೊಂಬತ್ತು ವರ್ಷ ನನ್ನ ಕಾಲಿನಲ್ಲೇ ಇತ್ತು. ನನಗೆ ಓಡಬೇಕು. ಗೆಲ್ಲಲು ಅಲ್ಲ, ಆ ಒಂಬತ್ತು ಹುಡುಗಿಯರನ್ನು ಗೆಲ್ಲುವ ಹುಚ್ಚು ನನಗಿಲ್ಲ. ಒಂದು ಸಲ ನನ್ನ ಹೆಸರು ಕೂಗಿದಾಗ ನಾನು ಅಲ್ಲಿ ಇರಬೇಕು.

ಗುರುಬಸಪ್ಪನವರೇ, ಒಂದು ಗಳಿಗೆ ತಡೆಯಿರಿ, ಪೆನ್ನು ಇಲ್ಲೇ ಇದೆ. ಹತ್ತು, ವತ್ಸಲಾ, ವಯಸ್ಸು ಮೂವತ್ತಾರು. ತಗೊಳ್ಳಿ, ಪಟ್ಟಿಯನ್ನು ತಮಗೆ ಒಪ್ಪಿಸಿದ್ದೇನೆ.

ಉಳಿದ ವಂದನೆಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಶಾಮಿಯಾನ ಹಾಕಿದವರಿಗೆ, ಮೈಕಿನವರಿಗೆ, ಉಪ್ಪಿಟ್ಟು ಮಾಡಿದ ಸದಸ್ಯೆಯರಿಗೆ, ಮೂರು ನಿಮಿಷವನ್ನು ಇಷ್ಟುದ್ದ ಎಳೆಯಲು ಬಿಟ್ಟ ಅಧ್ಯಕ್ಷರಿಗೆ, ಎದ್ದು ಹೋಗದೆ ಕೂತ ನಿಮಗೆಲ್ಲ ನಾನು ಋಣಿ.

ಅತ್ತೆ, ನೀವು ತಲೆ ಬಗ್ಗಿಸಿ ಕೂತಿದ್ದೀರಿ, ನಿಮ್ಮ ಮುಖ ನನಗೆ ಇಲ್ಲಿಂದ ಕಾಣುವುದಿಲ್ಲ. ಕೋಪ ಬಂದಿದ್ದರೆ ಮನೆಗೆ ಹೋದ ಮೇಲೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಆದರೆ ನಾಳೆ ಬೆಳಗ್ಗೆ ನಾನು ಹಾಲಿಗೆ ಹೋಗುವುದಿಲ್ಲ. ಐದೂವರೆಗೆ ಮುಂದಿನ ಬಾಗಿಲು ತೆಗೆದುಕೊಂಡು, ಬರಿಗೈಯಲ್ಲಿ, ಓಡಲು ಹೋಗುತ್ತೇನೆ.

ನಮಸ್ಕಾರ.